ಲುಯಾಂಡೊ ಕೂತ ಕುರ್ಚಿ

ಮಾರ್ಚ್ 4, ಮಂಗಳವಾರ
ಬಾಗಿಲು ತೆರೆದೆ. ಹಾಲಿನಪುಡಿ ಡಬ್ಬಿ ಮತ್ತೆ ಕಮ್ಮಿ. ಬೈಗುಳ ಎಂದಿನಂತೆ ನನಗೆ. ಆಮೇಲೆ ಮ್ಯಾನೇಜರ್ ಸಿಮುಕೊಂಡಾ ಎಲ್ಲರನ್ನೂ ಸೇರಿಸಿ ಒಬ್ಬಳನ್ನು ಮುಂದೆ ನಿಲ್ಲಿಸಿದರು. ಲುಯಾಂಡೊ. ಲಿವಿಂಗ್‌ಸ್ಟನ್ ಶಾಖೆಯಿಂದ. ಇನ್ನು ಕಳ್ಳತನ ತಡೆಯುವ ಸೂಪರ್‌ವೈಸರ್ ಇವಳಂತೆ.
ಆ ಕುರ್ಚಿ ನನ್ನದಾಗಬೇಕಿತ್ತು. ಎನ್ಡೋಲಾದ ಈ ಅಂಗಡಿ ಶುರುವಾದಾಗಿನಿಂದ ಬಾಗಿಲಲ್ಲಿ ಕಳ್ಳರನ್ನು ಕಾಯುತ್ತಾ ನಿಂತವಳು ನಾನು.
"ಕಸೊಂಡೆ, ಇವಳಿಗೆ ಎಲ್ಲ ತೋರಿಸು."
ತೋರಿಸಿದೆ. ಮೊದಲು ಶೌಚಾಲಯ.

ಮಾರ್ಚ್ 13, ಗುರುವಾರ
ಬಾಗಿಲಲ್ಲಿ ಗಿರಾಕಿಗಳ ಚೀಲ ತಡಕುವುದನ್ನು ಲುಯಾಂಡೊ ನಿಲ್ಲಿಸಿಬಿಟ್ಟಳು. "ಮುಖ ನೋಡಿ ಹೇಗಿದ್ದೀರಿ ಅಂತ ಕೇಳಿ ಅಕ್ಕ. ತನ್ನನ್ನ ಯಾರೋ ಗಮನಿಸಿದ್ದಾರೆ ಅಂತ ಗೊತ್ತಾದ್ರೆ ಕದಿಯೋ ಕೈ ಹಿಂದೆ ಸರಿಯುತ್ತೆ." ಹಾಲಿನಪುಡಿ ಕಪಾಟಿನಲ್ಲಿ ಈಗ ಖಾಲಿ ಡಬ್ಬಿಗಳು, ತುಂಬಿದ್ದು ಕೌಂಟರಿನಲ್ಲಿ, ದುಡ್ಡು ಕೊಟ್ಟ ಮೇಲೆ. ನಾನೂ ಇದನ್ನೇ ಯೋಚಿಸಿದ್ದೆ... ಇಲ್ಲ, ಯೋಚಿಸಿರಲಿಲ್ಲ.
ಕ್ಯಾಷಿಯರ್ ಮುಟಾಲೆ — ದಿನಾ ನನ್ನ ಜೊತೆ ಉಣ್ಣುವವಳು — ಇವತ್ತು ಲುಯಾಂಡೊ ತಟ್ಟೆಗೆ ಮೀನು ಬಡಿಸುತ್ತಿದ್ದಳು.
"ನೀನೂ ಬಾ ಅಕ್ಕ. ಮುಖ ಯಾಕೆ ಹುಳಿ ಮೊಸರಾಗಿದೆ?"
ಹೊಟ್ಟೆನೋವು ಅಂದೆ. ನೋವಲ್ಲ, ಕಿಚ್ಚು.

ಏಪ್ರಿಲ್ 2, ಬುಧವಾರ
ಹಾಲಿನಪುಡಿಯ ನಷ್ಟ ಅರ್ಧಕ್ಕಿಳಿಯಿತಂತೆ. ಸಿಮುಕೊಂಡಾ ಕೇಕ್ ತರಿಸಿದರು. ಹಂಚುವ ಕೆಲಸ ನನಗೆ!
ಸಂಜೆ ಹಿಂಬಾಗಿಲ ಕಡೆ ಹೋದೆ. ಕಾವಲುಗಾರ ಸಿಚೋನೆ ಕಸದ ರಟ್ಟಿನ ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕುತ್ತಿದ್ದ. ಖಾಲಿ ರಟ್ಟು ಎತ್ತುವಾಗ ಯಾರೂ ಹಾಗೆ ಮುಲುಕುವುದಿಲ್ಲ. ಒಂದರ ಬಾಯಿ ಬಿಚ್ಚಿತ್ತು — ಅಡುಗೆ ಎಣ್ಣೆಯ ಬಾಟಲಿಗಳು. ಅವನು ನನ್ನನ್ನು ನೋಡಲಿಲ್ಲ.
ಸುಮ್ಮನೆ ಬಂದುಬಿಟ್ಟೆ. ಹೇಳಬೇಕಾದದ್ದು ಲುಯಾಂಡೊಗೆ. ಹೇಳಿದರೆ ಅವಳಿಗೆ ಇನ್ನೊಂದು ಕೇಕ್. ಹೋಗಲಿ ಎಣ್ಣೆ. ಸ್ಟಾಕ್ ಎಣಿಸುವ ದಿನ ಅವಳ ನಗು ನೋಡೋಣ.

ಏಪ್ರಿಲ್ 29, ಮಂಗಳವಾರ
ಎಣಿಸಿದ್ದಾಯಿತು. ಎಣ್ಣೆ, ಸಕ್ಕರೆ, ಸೋಪು — ಭಾರಿ ಕೊರತೆ. ಸಿಮುಕೊಂಡಾ ಕೂಗಾಡಿದರು. ಲುಯಾಂಡೊ ಮೇಲಲ್ಲ. ಮುಟಾಲೆ ಮೇಲೆ!
"ನಿನ್ನ ನಾದಿನಿ ಯಾವಾಗ್ಲೂ ನಿನ್ನ ಕೌಂಟರಿಗೇ ಯಾಕೆ ಬರ್ತಾಳೆ? ಬಿಲ್ ಮಾಡದೆ ದಾಟಿಸ್ತೀಯಾ?"
ಮನೆಗೆ ಕಳಿಸಿದರು. ಹೋಗುತ್ತಾ ಮುಟಾಲೆ ನನ್ನ ತೋಳು ಹಿಡಿದಳು. "ನೀನಾದ್ರೂ ಹೇಳಕ್ಕ, ನಾನು ಅಂಥವಳಾ?"
ತೋಳು ಬಿಡಿಸಿಕೊಂಡೆ. ಈಗ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅನ್ನುತ್ತಾರೆ.
ಅವಳ ಪರ ನಿಂತವಳು ಲುಯಾಂಡೊ. "ಸಾರ್, ಇಷ್ಟು ಎಣ್ಣೆ ಮುಂಬಾಗಿಲಲ್ಲಿ ಹೋಗಕ್ಕಾಗಲ್ಲ." ಅದಕ್ಕೂ ಹೊಟ್ಟೆ ಉರಿಯಿತು. ನಾನು ಆಡಬೇಕಿದ್ದ ಮಾತು.

ಮೇ 2, ಶುಕ್ರವಾರ
ಸಿಚೋನೆ ಸಿಕ್ಕಿಬಿದ್ದ. ಲುಯಾಂಡೊ ವ್ಯಾನಿಗೆ ಅಡ್ಡ ನಿಂತು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದಳು. ಮುಟಾಲೆ ವಾಪಸ್. ಅಳುತ್ತಾ ಅವಳನ್ನು ತಬ್ಬಿಕೊಂಡಳು. ನನ್ನನ್ನಲ್ಲ. ಹೇಗೆ ತಬ್ಬಿಯಾಳು?... ಆದರೂ.

ಮೇ 9, ಶುಕ್ರವಾರ
ಲುಯಾಂಡೊಗೆ ಬಡ್ತಿ, ಲುಸಾಕಾದ ದೊಡ್ಡ ಅಂಗಡಿಗೆ. ಕುರ್ಚಿ ನನಗೆ. "ನಿನ್ನ ಹೆಸರು ಹೇಳಿದ್ದು ಅವಳೇ," ಅಂದರು ಸಿಮುಕೊಂಡಾ. ಅವಳು ಕೊಟ್ಟದ್ದರಲ್ಲಿ ಕೂತೆ. ಮೈಗೆ ಮುಳ್ಳು.
ಬೀಗದ ಕೈ ಕೊಡಲು ಬಂದವಳು ಬಾಗಿಲು ಮುಚ್ಚಿದಳು.
"ಪೊಲೀಸರಿಗೆ ಕೊಡೋಕೆ ಹಳೇ ಕ್ಯಾಮರಾ ಚಿತ್ರ ನೋಡ್ತಿದ್ದೆ ಅಕ್ಕ. ಅಷ್ಟರಲ್ಲಿ ಈ ಕುರ್ಚಿಗೆ ನಿಮ್ಮ ಹೆಸರು ಹೇಳಿ ಆಗಿತ್ತು. ಆ ಚಿತ್ರದಲ್ಲಿ ನೀವೂ ಇದ್ರಿ, ಹಿಂಬಾಗಿಲಲ್ಲಿ. ಯಾಕೆ ಹೇಳ್ಲಿಲ್ಲ?"
"ನೀನು ಸೋಲಬೇಕಿತ್ತು."
ನಗಲಿಲ್ಲ. ಬೈಯಲೂ ಇಲ್ಲ. "ನಾನು ಸೋಲ್ಲಿಲ್ಲ. ಮುಟಾಲೆ ಸೋತ್ಲು. ಅವಳಿಗೆ ನೀವೇ ಹೇಳಿ." ಹೋದಳು.
ಇಲ್ಲೇ ಕೂತು ಬರೆಯುತ್ತಿದ್ದೇನೆ. ಗಾಜಿನಾಚೆ ಮುಟಾಲೆ ಕೌಂಟರ್ ಮುಚ್ಚಿ ಚೀಲ ಹೆಗಲಿಗೇರಿಸಿದಳು. ಇವತ್ತು ಬಿಟ್ಟರೆ ಎಂದೂ ಆಗುವುದಿಲ್ಲ. ಕೂಗಿದೆ. ತಿರುಗಿದಳು. ಬರುತ್ತಿದ್ದಾಳೆ, ಏನಕ್ಕ ಅಂತ —