ಸುಗಮಪುರದಲ್ಲಿ ಕೇದಗೆ ಎದ್ದು ನಿಂತಳು

ಸುಗಮಪುರ
ಇಸವಿ 2168, ಫೆಬ್ರವರಿ 30

ಮಾನ್ಯರಾದ ಅಂಬುಜಕ್ಕನವರಿಗೆ,

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಸೇರಿಸಿದ್ದಾರೆ. ಹೀಗಾಗಿ ಫೆಬ್ರವರಿಗೂ ಮೂವತ್ತು ಸಿಕ್ಕಿದೆ. ನನ್ನ ಮಾತಿನ ನಡುವೆ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ, ಬಂದ ಬಂದ ಕಡೆ ಬಿಡಿಸಿ ಹೇಳುತ್ತೇನೆ. ಈ ಕಾಗದ ಅಷ್ಟು ಹಿಂದಿನ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂದು ಮಾತ್ರ ಕೇಳಬೇಡಿ. ಕಳಿಸಿಕೊಡುವವರು ವಿವರಿಸಿದರು, ನಾನು ತಲೆಯಾಡಿಸಿದೆ, ಒಂದಕ್ಷರವೂ ಅರ್ಥವಾಗಲಿಲ್ಲ. ನೀವು ರೈಲ್ವೆ ಅಧಿಕಾರಿಗಳ ಸಭೆಗೆ ಹೊರಡುವ ಮುಂಚೆ ಸಿಕ್ಕರೆ ಸಾಕು.

ನಾನು ಚೆನ್ನಾಜಿ. ನಿಮ್ಮ ಹಾಗೆ ನನಗೂ ಹುಟ್ಟಿನಿಂದ ಕಾಲಿಲ್ಲ. ನಿಮ್ಮನ್ನು ದಿನಾ ನೋಡುತ್ತೇನೆ. ನಮ್ಮ ನಿಲ್ದಾಣದ ಮುಂದೆ ನಿಮ್ಮ ಕಂಚಿನ ಪ್ರತಿಮೆ ಇದೆ, ಕೈಯಲ್ಲಿ ತಿರುಗಿಸುವ ಮೂರು ಗಾಲಿ ಸೈಕಲ್ಲಿನ ಮೇಲೆ ಕೂತು ನಗುತ್ತಿದ್ದೀರಿ. ವರ್ಷಕ್ಕೊಮ್ಮೆ ಹಾರ ಹಾಕಿ ಮಕ್ಕಳಿಗೆ ನಿಮ್ಮ ಕಥೆ ಹೇಳುತ್ತಾರೆ. ತೊರೆಗಟ್ಟ ಜಂಕ್ಷನ್ನಿನಲ್ಲಿ ನಿಮ್ಮನ್ನು ಮೂಟೆ ಹೊತ್ತಂತೆ ಹೊತ್ತು ಮೇಲ್ಸೇತುವೆ ದಾಟಿಸುತ್ತಿದ್ದದ್ದು, ಒಮ್ಮೆ ಕೈಜಾರಿ ಕೆಡವಿದ್ದು, ನೀವು ಬಿದ್ದಲ್ಲೇ ಧರಣಿ ಕೂತದ್ದು, ಕಡೆಗೆ ಸರ್ಕಾರ ಅಂಗವಿಕಲ ಪ್ರಯಾಣಿಕರಿಗೆಂದು ಹಣ ಬಿಡುಗಡೆ ಮಾಡಿದ್ದು. ನಿಮ್ಮ ಎದೆಗಾರಿಕೆಗೆ ಕೈಮುಗಿಯುತ್ತೇನೆ. ಆದರೂ ಒಂದೊಂದು ದಿನ ಆ ಪ್ರತಿಮೆಯ ಮುಂದೆ ಗಾಲಿಕುರ್ಚಿ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದಿದ್ದೇನೆ. ಹಿರಿಯರು, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಸಭೆಯಲ್ಲಿ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಅಧಿಕಾರಿಗಳು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಕಾಫಿ ತರಿಸುತ್ತಾರೆ. ಬಂದಿರುವ ಹಣವನ್ನು ಈ ಮಾರ್ಗದ ಸಣ್ಣ ಸ್ಟೇಷನ್ನುಗಳಿಗೆಲ್ಲ ಹಂಚಿದರೆ ಒಂದೊಂದಕ್ಕೆ ಒಂದು ಇಳಿಜಾರು, ಒಂದು ಅಗಲ ಬಾಗಿಲಿನ ಶೌಚಾಲಯ ಆದೀತು, ಅಷ್ಟೇ. ಎಲ್ಲವನ್ನೂ ಜಂಕ್ಷನ್ನಿಗೇ ಸುರಿದರೆ ಲಿಫ್ಟು, ಕುರುಡರಿಗೆ ಉಬ್ಬುಗೆರೆಯ ನೆಲ, ಕಿವುಡರಿಗೆ ದೀಪದ ಫಲಕ, ನೋಡಿದವರು ಹುಬ್ಬೇರಿಸುವಂತಾಗುತ್ತದೆ. "ಮೊದಲು ಇದನ್ನೊಂದು ಮಾದರಿ ನಿಲ್ದಾಣ ಮಾಡೋಣ ಮೇಡಂ, ಉಳಿದದ್ದು ಮುಂದಿನ ವರ್ಷ" ಎನ್ನುತ್ತಾರೆ. ಅದು ಸುಳ್ಳಲ್ಲ, ಅವರೂ ಹಾಗೇ ನಂಬಿರುತ್ತಾರೆ. ನೀವು "ಆಗಲಿ" ಎನ್ನುತ್ತೀರಿ. ಅಯ್ಯೋ, ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಮುಂದಿನ ವರ್ಷ ಬರುತ್ತದೆ. ಸಣ್ಣ ಸ್ಟೇಷನ್ನುಗಳಲ್ಲಿ ಗಾಲಿಕುರ್ಚಿಯವರು ಎಷ್ಟು ಜನ ಹತ್ತಿ ಇಳಿಯುತ್ತಾರೆ ಎಂದು ಎಣಿಸಲು ಜನ ಹೋಗುತ್ತಾರೆ. ಮೆಟ್ಟಿಲಿರುವ ಕಡೆ ಗಾಲಿಕುರ್ಚಿ ಎಲ್ಲಿಂದ ಬರಬೇಕು? ಯಾರೂ ಇಲ್ಲ, ಆದ್ದರಿಂದ ಅಗತ್ಯವಿಲ್ಲ ಎಂದು ಬರೆದುಕೊಂಡು ಬರುತ್ತಾರೆ. ಆಮೇಲೆ ಅಲ್ಲಿ ಕೈಹಿಡಿದು ಇಳಿಸುತ್ತಿದ್ದ ಸಿಬ್ಬಂದಿಯನ್ನೂ ತೆಗೆಯುತ್ತಾರೆ, ಜಂಕ್ಷನ್ನಿನಲ್ಲಿ ಎಲ್ಲ ಇದೆಯಲ್ಲ ಎಂದು. ಪಿಂಚಣಿ ಕಚೇರಿ ಜಂಕ್ಷನ್ನಿನ ಪಕ್ಕಕ್ಕೆ ಬರುತ್ತದೆ. ಶಾಲೆ ಬರುತ್ತದೆ, ಆಸ್ಪತ್ರೆ ಬರುತ್ತದೆ. ನಮ್ಮವರು ಅಲ್ಲೇ ಸುತ್ತಮುತ್ತ ಬಾಡಿಗೆ ಮನೆ ಹಿಡಿಯುತ್ತಾರೆ. ಎಷ್ಟು ಚೆನ್ನಾಗಿ ಒಟ್ಟಿಗಿದ್ದಾರೆ ಎಂದು ಸರ್ಕಾರ ಮನೆಗಳನ್ನೂ ಕಟ್ಟಿಸಿಕೊಡುತ್ತದೆ, ಊರಿಗೆ ಸುಗಮಪುರ ಎಂದು ಹೆಸರಿಡುತ್ತದೆ. ಇಲ್ಲಿಯವರೆಗೆ ಯಾರೂ ಯಾರಿಗೂ ಕೇಡು ಬಯಸಿಲ್ಲ ನೋಡಿ. ನನಗೆ ಭಯವಾಗುವುದೇ ಅದಕ್ಕೆ.

ಊರೇನೋ ಸೊಗಸಾಗಿದೆ. ಒಂದು ಮೆಟ್ಟಿಲಿಲ್ಲ, ಒಂದು ಹೊಸಿಲಿಲ್ಲ. ಮದುವೆಯಾಗಿ ಬಂದ ಹೆಣ್ಣು ಹೊಸಿಲಿಲ್ಲದ ಬಾಗಿಲಲ್ಲಿ ಎಳೆದ ರಂಗೋಲಿ ಗೆರೆಯ ಮೇಲೆ ಅಕ್ಕಿ ಸೇರನ್ನು ಗಾಲಿಯಿಂದಲೇ ತಳ್ಳುತ್ತಾಳೆ, ಸುತ್ತ ನೆರೆದವರು ಸೋಬಾನೆ ಹಾಡುತ್ತಾರೆ. ಅಂಗಡಿಯ ಕಟ್ಟೆ ನನ್ನ ಮೊಣಕೈಗೆ ಸರಿಯಾಗಿದೆ, ನಲ್ಲಿ ಕೈಗೆ ಸಿಗುತ್ತದೆ. ಕಣ್ಣಿಲ್ಲದವರಿಗಾಗಿ ಉಬ್ಬುಗೆರೆ ರಸ್ತೆಯಿಂದ ಹೊರಟು ಮನೆಯೊಳಗಿನ ಒಲೆಯವರೆಗೂ ಹೋಗಿದೆ. ಪಕ್ಕದ ಮನೆಯ ಜೈಬುನಮ್ಮ ಹುಟ್ಟುಕುರುಡಿ. ಆ ಗೆರೆ ಹಿಡಿದು ದಿನಾ ನಮ್ಮ ಮನೆಗೆ ಬಂದು, ನಮ್ಮ ಸಾರಿಗೆ ಉಪ್ಪು ಕಡಿಮೆ ಎಂದು ಬೈದು ಹೋಗುತ್ತಾಳೆ.

ಈ ಊರಿಂದ ಹೊರಗೆ ಹೋಗುವುದು ಬೇರೆ ಮಾತು. ನಮ್ಮ ಟಿಕೆಟ್ಟಿಗೆ ಇಳಿಚೀಟಿ ಎನ್ನುತ್ತಾರೆ. ಯಾವ ಮಾದರಿ ನಿಲ್ದಾಣದಲ್ಲಿ ಹತ್ತಿದ್ದೇವೆ, ಇನ್ನಾವ ಮಾದರಿ ನಿಲ್ದಾಣದಲ್ಲಿ ಇಳಿಯಬಹುದು ಎಂದು ಅದರಲ್ಲಿರುತ್ತದೆ. ನಡುವಿನ ಊರುಗಳನ್ನು ಮೆಟ್ಟಿಲೂರು ಎಂದು ಕರೆಯುತ್ತಾರೆ. ಅಲ್ಲಿ ರೈಲು ನಿಂತರೂ ನಮ್ಮ ಡಬ್ಬಿಯ ಬಾಗಿಲು ತೆರೆಯುವುದಿಲ್ಲ, ಬಿದ್ದು ಪೆಟ್ಟಾದೀತೆಂಬ ಕಾಳಜಿ. ಅದಕ್ಕೇ ಕಿಟಕಿ ಭೇಟಿ ಎಂಬ ಪದ್ಧತಿ ಹುಟ್ಟಿದೆ. ಮೆಟ್ಟಿಲೂರಿನಲ್ಲಿರುವ ನಮ್ಮ ನೆಂಟರಿಷ್ಟರು ಪ್ಲಾಟ್‌ಫಾರಂಗೆ ಬಂದು ಗಾಜಿನಾಚೆ ನಿಲ್ಲುತ್ತಾರೆ. ಹುಟ್ಟಿದ ಕೂಸನ್ನು ಎತ್ತಿ ತೋರಿಸುತ್ತಾರೆ, ತಾಳಿ ಕಟ್ಟಿಸಿಕೊಂಡವರು ಬಾಸಿಂಗ ಸಮೇತ ಬಂದು ನಿಲ್ಲುತ್ತಾರೆ. ನನ್ನ ಅಪ್ಪ ಸತ್ತಾಗ ಚಟ್ಟವನ್ನು ಹಾಗೆಯೇ ತಂದಿದ್ದರು. ನಾನು ಗಾಜಿಗೆ ಹಣೆಯೊತ್ತಿ ಕೂಗಿ ಕೂಗಿ ಅತ್ತೆ, ರೈಲು ಹೊರಟಿತು.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳ ಅಪ್ಪ ಮಾದೇಶ ಕಗ್ಗಲಕುಪ್ಪೆ ಎಂಬ ಮೆಟ್ಟಿಲೂರಿನವನು, ನಡೆಯುವವನು. ಇಲ್ಲಿ ಹಳಿ ದುರಸ್ತಿಗೆ ಬಂದಿದ್ದಾಗ ಪರಿಚಯವಾಗಿ ಮದುವೆಯಾದೆವು. ನಡೆಯುವವರಿಗೆ ಇಲ್ಲಿ ಕೆಲಸವಿರುವಷ್ಟು ದಿನ ಮಾತ್ರ ಪಾಸು. ಕೆಲಸ ಮುಗಿಯಿತು, ಅವನು ಹೊರಟ. ಆಮೇಲೆ ಕೇದಗೆ ಹುಟ್ಟಿದಳು. ವರ್ಷ ತುಂಬಿದ ಹೊಸತರಲ್ಲಿ ಒಂದು ಮಧ್ಯಾಹ್ನ ನನ್ನ ಕುರ್ಚಿಯ ತೋಳು ಹಿಡಿದುಕೊಂಡು ಎದ್ದು ನಿಂತಳು. ಆಮೇಲೆ ಕೈಬಿಟ್ಟು ಗೋಡೆಯವರೆಗೆ ನಡೆದು, ತಿರುಗಿ ನನ್ನ ನೋಡಿ ಕಿಲಕಿಲ ನಕ್ಕಳು. ನಿಮ್ಮ ಕಾಲದಲ್ಲಾದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನಾನು ಹೋಗಿ ಕಿಟಕಿ ಮುಚ್ಚಿದೆ.

ಯಾಕೆಂದರೆ ಇಲ್ಲಿ ಜಾಗ ಸಾಲದು. ಇಡೀ ಮಾರ್ಗದ ನಮ್ಮಂಥವರೆಲ್ಲ ಇಲ್ಲಿಗೇ ಬಂದು ಸೇರಬೇಕು, ಹಾಗಾಗಿ ಅರ್ಹರಿಗೆ ಮಾತ್ರ ವಾಸ. ಮಕ್ಕಳಿಗೆ ಮೂರು ತುಂಬಿದಾಗ ಅರ್ಹತೆಯ ತಪಾಸಣೆ ಇದೆ. ಕಣ್ಣು ಕಿವಿ ನೆಟ್ಟಗಿದ್ದು ನಡೆದ ಮಗುವನ್ನು ಹೊರಗಿನ ನೆಂಟರ ಮನೆಗೆ ಕಳಿಸುತ್ತಾರೆ, ಹೂಗುಚ್ಛ ಕೊಟ್ಟು, ಬ್ಯಾಂಡು ಬಾರಿಸಿ. ಮಕ್ಕಳಿಗೆ ಒಳಗೆ ಬರುವ ಪಾಸಿಲ್ಲ. ಆಮೇಲೆ ತಾಯಿಗೆ ಉಳಿಯುವುದು ಕಿಟಕಿ ಭೇಟಿಯೊಂದೇ.

ಮೊದಲು ಗೊತ್ತಾದದ್ದು ಜೈಬುನಮ್ಮನಿಗೆ. "ನಿನ್ನ ಮನೇಲಿ ಎರಡು ಕಾಲಿನ ಸದ್ದು ಕೇಳ್ತಾ ಇದೆ ಕಣೇ ಚೆನ್ನಾಜಿ" ಎಂದಳು. ನನ್ನ ಜೀವ ಬಾಯಿಗೆ ಬಂತು. ಅವಳೇ "ಚಾಪೆ ಹಾಸು, ಸದ್ದು ಹೊರಗೆ ಬರಲ್ಲ" ಎಂದು ತನ್ನ ಮನೆಯದನ್ನೂ ತಂದುಕೊಟ್ಟಳು. ಅವತ್ತಿನಿಂದ ಕೇದಗೆಗೆ ಕೂರುವುದನ್ನು ಕಲಿಸಿದೆ. ಅಂಗಳಕ್ಕೆ ಹೊರಟರೆ ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ಪಟ್ಟಿ ಬಿಗಿದೆ. ಎದ್ದರೆ ಗದರಿದೆ, ಎರಡು ಸಲ ಹೊಡೆದೆ. "ಯಾರಾದರೂ ನಿಲ್ಲು ಅಂದರೆ ಏನನ್ನಬೇಕು?" ಎಂದು ಕೇಳುವುದು, ಅವಳು "ನನಗೆ ಬರಲ್ಲ" ಎನ್ನುವುದು, ನಾನು ಮುದ್ದುಕೊಡುವುದು. ಇದು ನಮ್ಮ ಆಟವಾಯಿತು. ಓಡುವ ಕಾಲಿರುವ ಮಗುವಿಗೆ ಹೆತ್ತ ತಾಯಿಯೇ ಹೀಗೆ ಮಾಡಿದಳು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಈ ಬೀದಿಯಲ್ಲಿ ನಾನೊಬ್ಬಳೇ ಅಲ್ಲ, ಇನ್ನೂ ಎಷ್ಟೋ ಮನೆಗಳಲ್ಲಿ ಚಾಪೆ ಹಾಸಿದೆ.

ಹೋದ ವಾರ ಕಗ್ಗಲಕುಪ್ಪೆಯಲ್ಲಿ ಕಿಟಕಿ ಭೇಟಿಗೆ ಮಾದೇಶ ಬಂದಿದ್ದ. ಗಾಜಿನಾಚೆಯಿಂದ ಮಗಳ ಸೊಂಟದ ಪಟ್ಟಿ ನೋಡಿದ. ಅವನ ಮಾತು ಕೇಳಿಸಲಿಲ್ಲ, ತುಟಿಯಿಂದ ತಿಳಿಯಿತು. "ಕಳಿಸಿಬಿಡೇ, ಪಾಪ, ಓಡಾಡಲಿ." ಅವನ ಮೇಲೆ ಕೆಂಡಾಮಂಡಲ ಸಿಟ್ಟು ಬಂತು, ಮನೆಗೆ ಬರುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೇ ತಿರುಗಿತು. ಅವನು ಹೇಳಿದ್ದು ಸರಿ. ಕರುಳು ಕಿತ್ತು ಬಂದರೂ ಸರಿಯೇ, ಕಳಿಸುವುದೆಂದು ತೀರ್ಮಾನಿಸಿದೆ.

ಕೇದಗೆಗೆ ಮೂರು ತುಂಬಿತು, ನಾಳೆ ತಪಾಸಣೆ. ಇವತ್ತು ಬೆಳಿಗ್ಗೆ ಚಾಪೆಗಳನ್ನೆಲ್ಲ ಸುತ್ತಿಟ್ಟು, ಕಿಟಕಿ ತೆರೆದು, ಪಟ್ಟಿ ಬಿಚ್ಚಿ, "ಏಳು ಬಂಗಾರ, ಅಪ್ಪನ ಹತ್ತಿರ ಹೋಗುವೆಯಂತೆ, ಅಲ್ಲಿ ಎಷ್ಟು ಬೇಕಾದರೂ ಓಡಬಹುದು" ಎಂದೆ. ಅವಳು ತೆರೆದ ಕಿಟಕಿಯತ್ತ ನೋಡಿದಳು. ತಾನೇ ಪಟ್ಟಿಯನ್ನು ಎಳೆದು ಮತ್ತೆ ಸೊಂಟಕ್ಕೆ ಸುತ್ತಿಕೊಂಡಳು. ಹಣ್ಣು ತೋರಿಸಿದೆ, ಅತ್ತು ಕರೆದೆ, ಕೈಮುಗಿದೆ. ಜೈಬುನಮ್ಮ ಬಂದು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರೆ ಮೊಣಕಾಲು ಮಡಚಿ ಕುಸಿದು ಕೂತಳು. ಆಮೇಲೆ ನನ್ನ ಮುಖ ನೋಡಿ, ಮುದ್ದು ಸಿಗುತ್ತದೆಂದು ಕಾಯುತ್ತಾ, "ನನಗೆ ಬರಲ್ಲ" ಎಂದಳು.

ಅಂಬುಜಕ್ಕ, ನಿಮಗಿನ್ನೂ ಹೊತ್ತಿದೆ. ಕಾಫಿ ಕುಡಿಯಿರಿ, ಅವರ ಮಾತನ್ನೆಲ್ಲ ಕೇಳಿಸಿಕೊಳ್ಳಿ. ಆಮೇಲೆ ಸಣ್ಣ ಸ್ಟೇಷನ್ನುಗಳಿಗೆ ಇಳಿಜಾರು ಕೇಳಿ. ಕಗ್ಗಲಕುಪ್ಪೆಗೊಂದು ಕೇಳಿ.

ನಿಮ್ಮವಳೇ ಆದ,
ಚೆನ್ನಾಜಿ