ಜಸೂರನ ತೊಟ್ಟಿಲಿನ ಪಟ್ಟಿ

ಜಸೂರನ ಅಪ್ಪನಿಗೆ,

ರಾತ್ರಿ ಎರಡು ಗಂಟೆಗೆ ಮಗುವಿನ ಕೆಮ್ಮಿಗೆ ಎಚ್ಚರವಾಯಿತು. ನಿಮ್ಮಮ್ಮ ಅವನನ್ನು ಬೆಶಿಕ್ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಕೈಕಾಲು ಅಲ್ಲಾಡದಂತೆ ಪಟ್ಟಿ ಬಿಗಿದಿದ್ದರು. ನಾನು ಬಗ್ಗಿ ಅಲ್ಲೇ ಕುಡಿಸಿದ ಹಾಲು ಮತ್ತೆ ಗಂಟಲಿಗೆ ಬಂದಿತ್ತು.

ಮೇಲೆ ಬಂದ ಹುಳಿಯನ್ನು ತಣಿಸಲು ಅನ್ನನಾಳದ ಜೀವಕೋಶಗಳು ಕ್ಷಾರದ ಅಯಾನುಗಳನ್ನು ಹೊರಹಾಕುತ್ತವೆ, ಹುಳಿ ಪದೇಪದೇ ಬಂದರೆ ಅವೂ ಸೋಲುತ್ತವೆ ಎಂದು ಅವರಿಗೆ ಎಷ್ಟು ಸಲ ಹೇಳಲಿ? “ನಿನ್ನ ಗಂಡ ಬೆಳೆದದ್ದೂ ಇದರಲ್ಲೇ ಕಣೇ, ಅವನಿಗೇನಾಗಿದೆ?” ಅಂತಾರೆ. ಊಟವಾದ ಮೇಲೆ ಎದೆಯುರಿ ಅಂತ ನೀವು ಕೂಗಿದಾಗ ಸೋಡಾ ಕದಡಿಕೊಡುವವರೂ ಅವರೇ!

ಕುಡಿಸುವಾಗ ಪಟ್ಟಿ ಬಿಚ್ಚಿ ಎತ್ತಿಕೊಳ್ಳಲು ನನ್ನನ್ನು ಬಿಡಲಿ, ಅಷ್ಟೇ. ನಿಮ್ಮ ಮಾತಾದರೆ ಕೇಳುತ್ತಾರೆ. ಫೋನು ಅವರ ದಿಂಬಿನ ಕೆಳಗಿದೆ, ಅದಕ್ಕೇ ನೀವು ರಾತ್ರಿಪಾಳಿಯಲ್ಲಿರುವ ಗಿರಣಿಗೆ ಈಗಲೇ ಹೊರಡುವ ಹತ್ತಿ ಲಾರಿಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮಗು ಈಗ ನನ್ನ ಹೆಗಲ ಮೇಲೆ ಮಲಗಿದ್ದಾನೆ. ಅವರು ಎದ್ದು ಮತ್ತೆ ಕಟ್ಟುವ ಮೊದಲು, ಬೆಳಗಾಗುವುದರೊಳಗೆ, ದಯವಿಟ್ಟು ಅಮ್ಮನಿಗೆ ಫೋನ್ ಮಾಡಿ.

ನಿಮ್ಮ ಸಯ್ಯೋರಾ