ಕೇಳುವ ಮೊದಲೇ ಎತ್ತಿದ ಕೈ

ಬಂಗಾರಪೇಟೆ
ಕೋರ್ಟಿನ ಹೊರಗೆ, ಹೊಂಗೆಮರದ ಕೆಳಗೆ
೧೪–೨–೧೯೬೧

ಕಾಮಸಮುದ್ರದ ಸೊಸೆಯಾಗಿ ನಮ್ಮನ್ನೆಲ್ಲ ಮರೆತ ಮಹಾತಾಯಿ ಮುನಿನಾರಾಯಣಮ್ಮನವರ ಸನ್ನಿಧಾನಕ್ಕೆ, ಉರಿಗಾಂ ಗಣಿ ಲೈನಿನ ಸಮಸ್ತ ತರಲೆಗಳ ಅಧ್ಯಕ್ಷನೂ ತಮ್ಮ ಒಬ್ಬನೇ ತಮ್ಮನೂ ಆದ ಆದಿನಾರಾಯಣನು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ,

ಅಕ್ಕಾ, ಒಳಗೆ ಅಪ್ಪನ ಕೇಸು ನಡೆಯುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೂಗುತ್ತಾರೆ. ನಾನು ಸಾಕ್ಷಿ! ಮುಖ ಗಂಭೀರವಾಗಿಟ್ಟುಕೊಳ್ಳುವುದನ್ನು ಬೆಳಿಗ್ಗೆ ತೊಟ್ಟಿ ನೀರಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಿದೆ. ನೀನು ಬಾಣಂತಿ, ಅಳಬಾರದು ಅಂತ ಅಮ್ಮ ನಿನಗೆ ಅರ್ಧ ಕಥೆ ಮಾತ್ರ ಹೇಳಿಕಳಿಸಿದ್ದಾಳೆ. ಉಳಿದರ್ಧ ನಾನು ಬರೆಯುತ್ತೇನೆ.

ನಿನ್ನ ಮಗುವನ್ನು ನೋಡಲು ಅಪ್ಪ ಹೊರಟಿದ್ದರಲ್ಲ, ರೈಲಿನಲ್ಲಿ ಪಕ್ಕ ಕೂತಿದ್ದ ಯಾವನೋ "ಅಣ್ಣಾ, ಈ ಚೀಲ ಒಂಚೂರು ನೋಡ್ಕೊಂಡಿರು, ಇಂಗೋಗಿ ಅಂಗೆ ಬತ್ತೀನಿ" ಅಂದು ಎದ್ದುಹೋದ. ಬಂಗಾರಪೇಟೆ ಬಂದರೂ ಆಸಾಮಿ ಪತ್ತೆಯಿಲ್ಲ. ನಮ್ಮಪ್ಪ ಇನ್ನೊಬ್ಬರ ಸಾಮಾನು ಬಿಟ್ಟು ಇಳಿಯುವವರೇ? ಹಿಡಿದುಕೊಂಡೇ ಇಳಿದು ಪ್ಲಾಟ್‌ಫಾರಂ ಮೇಲೆ ಅವನನ್ನು ಹುಡುಕುತ್ತಾ ನಿಂತರು. ಹಿಂದಿನಿಂದ ಒಬ್ಬ ಪೇದೆ ಭುಜ ಮುಟ್ಟಿದ. ಚೀಲದಲ್ಲಿ ಮೇಲೆ ಹುರುಳಿ, ಕೆಳಗೆ ಗಾಂಜಾ.

ವಕೀಲರು ಮೊದಲ ದಿನ ನನಗೆ ಧೈರ್ಯ ಹೇಳಿದ್ದರು: "ಚೀಲ ಕೈಯಲ್ಲಿತ್ತು ಅಂದರೆ ಸಾಲದು ಕಣಯ್ಯಾ. ಒಳಗೇನಿದೆ ಅಂತ ನಿಮ್ಮಪ್ಪನಿಗೆ ಗೊತ್ತಿತ್ತು ಅಂತ ಅವರು ತೋರಿಸಬೇಕು." ನಾನು ಹಿಗ್ಗಿದೆ. ಅಪ್ಪನ ತಲೆಯಲ್ಲಿ ಏನಿದೆ ಅಂತ ಇಷ್ಟು ವರ್ಷ ಸಂಸಾರ ಮಾಡಿದ ಅಮ್ಮನಿಗೇ ತಿಳಿದಿಲ್ಲ, ಸರ್ಕಾರಕ್ಕೆ ಹೇಗೆ ತಿಳಿದೀತು?

ತಲೆಯೊಳಗಿನದನ್ನು ಹೊರಗಿನಿಂದಲೇ ಓದುತ್ತಾರಂತೆ ಅಕ್ಕಾ. ಪೇದೆ ಕಟಕಟೆ ಹತ್ತಿ ಹೇಳಿದ: "ನಾನಿನ್ನೂ ಏನೂ ಕೇಳೇ ಇರ್ಲಿಲ್ಲ ಸ್ವಾಮಿ. ಭುಜ ಮುಟ್ಟಿದ್ದೇ ತಡ, ಚೀಲ ಕೆಳಗಿಟ್ಟು, ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ, ನಾಲಿಗೆ ಎತ್ಕೊಂಡು ನಿಂತ್ಬಿಟ್ಟ. ತಪ್ಪು ಗೊತ್ತಿಲ್ದೋನು ಯಾಕೆ ಹಂಗೆ ನಿಲ್ತಾನೆ?" ಸರ್ಕಾರದ ಕಡೆಯವರ ಕೇಸೆಲ್ಲ ಆ ಎತ್ತಿದ ಕೈಗಳ ಮೇಲೇ ನಿಂತಿದೆ.

ಯಾಕೆ ನಿಂತರು ಅಂತ ನನಗೆ ಗೊತ್ತು. ಗಣಿಗೆ ಸೇರುವ ತನಕ ನನಗೂ ತಿಳಿದಿರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದವರನ್ನು, ಬಂಗಾರ ಬಚ್ಚಿಟ್ಟುಕೊಂಡಿದ್ದಾರೇನೋ ಅಂತ, ಗೇಟಿನಲ್ಲಿ ದಿನಾ ತಡಕುತ್ತಾರೆ. ತಲೆವಸ್ತ್ರ ಬಿಚ್ಚಬೇಕು, ಕೈ ಎತ್ತಬೇಕು, ಬಾಯಿ ತೆರೆಯಬೇಕು. ಇನ್ನುಳಿದದ್ದನ್ನು ಅಕ್ಕನಿಗೆ ಬರೆಯಲಾರೆ. ಹೀಗೆ ನಿಲ್ಲು ಅಂತ ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನಿಂದ ಒಂದು ಕೈ ಭುಜ ಮುಟ್ಟುತ್ತದೆ, ಮೈ ತಾನೇ ಹಾಗೆ ನಿಂತುಕೊಳ್ಳುತ್ತದೆ. ಮೊದಲ ದಿನ ಸಾಲಿನಲ್ಲಿ ನನ್ನ ಮುಂದೆಯೇ ಅಪ್ಪ ಇದ್ದರು. ಆಮೇಲೆ ಮನೆಯ ತನಕ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿಕೊಂಡು ಬಂದೆವು.

ನಿನ್ನ ಮದುವೆಯಲ್ಲಿ ಅಪ್ಪ ಬೀಗರ ಮುಂದೆ ಮೀಸೆ ತಿರುವಿ ತಾವು ಗಣಿಯಲ್ಲಿ ಮೇಸ್ತ್ರಿ ಅಂದಿದ್ದು ನೆನಪಿದೆಯಾ? "ಸಾಯೇಬ್ರೂ ನನ್ನ ಮೈ ಮುಟ್ಟಂಗಿಲ್ಲ" ಅಂದಿದ್ದರು. ಆ ಬೀಗರು, ನಿನ್ನ ಮಾವ ಚಿಕ್ಕವೆಂಕಟಪ್ಪನವರು, ಪ್ರತಿ ವಾಯಿದೆಗೂ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. "ನಮ್ ಬೀಗ್ರು ಅಂತೋರಲ್ಲ" ಅಂತ ಸಿಕ್ಕವರಿಗೆಲ್ಲ ಹೇಳುತ್ತಾರೆ. ಅಷ್ಟು ಒಳ್ಳೆಯವರ ಎದುರು ಅಪ್ಪ ಗೇಟಿನ ವಿಷಯ ಎತ್ತುವುದಿಲ್ಲ. ಕೈ ಯಾಕೆ ಎತ್ತಿದಿರಿ ಅಂದರೆ "ಗಾಬ್ರಿ ಆಯ್ತು ಸ್ವಾಮಿ" ಅನ್ನುತ್ತಾರೆ, ಅಷ್ಟೇ. ಸಬ್‌ಜೈಲಿಗೆ ಹೋದಾಗ ನಾನೇ ಹೇಳುತ್ತೇನೆ ಅಂದೆ. "ಬಾಯ್ಬಿಟ್ರೆ ನೀನು ನನ್ ಮಗಾನೇ ಅಲ್ಲ ಕಣ್ಲಾ" ಅಂದು ಗೋಡೆ ಕಡೆ ತಿರುಗಿಕೊಂಡರು.

ಆದರೂ ಹೇಳುತ್ತೇನೆ. ಮರ್ಯಾದೆ ಹೋದರೆ ಹೋಗಲಿ, ಅಪ್ಪ ಮನೆಗೆ ಬರಲಿ. ನಿನ್ನ ಮಾವ ಮನೆಗೆ ಬಂದು ಏನಾದರೂ ಅಂದರೆ ನೀನು ಸಹಿಸಿಕೊಳ್ಳಬೇಕು. ಅತ್ತೆ ಮೂತಿ ತಿರುವಿದರೆ ನನ್ನನ್ನು ಬೈದುಕೋ. ಬೈಗುಳ ತಿಂದು ಬೆಳೆದ ದೇಹ ಇದು.

ಅಗೋ, ಕೂಗಿದರು.

ಇಂತಿ, ಹುಟ್ಟಿದಾಗಿನಿಂದ ಮೊದಲ ಸಲ ಪ್ರಮಾಣ ಮಾಡಿ ನಿಜ ಹೇಳಲು ಹೊರಟಿರುವ
ನಿನ್ನ ತಮ್ಮ
ಆದಿನಾರಾಯಣ

ತಾ.ಕ.: ಹೇಳಿದೆ ಅಕ್ಕಾ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಗೇಟಿನಲ್ಲಿ ನೀವೆಲ್ಲ ಹೇಗೆ ನಿಲ್ಲುತ್ತೀರಿ, ತೋರಿಸು ಅಂದರು. ಕೈ ಎತ್ತಿ, ಬಾಯಿ ತೆರೆದು, ನಾಲಿಗೆ ಎತ್ತಿ ನಿಂತೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ತುಂಬ ಜನ ನಕ್ಕರು. ನಿನ್ನ ಮಾವ ನಗಲಿಲ್ಲ. ಅಪ್ಪ ಅವರ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡುತ್ತಿದ್ದರು. "ಕೈ ಇಳ್ಸೋ, ಸಾಕು" ಅಂದರು. ಮ್ಯಾಜಿಸ್ಟ್ರೇಟರು ಇನ್ನೂ ನೋಡುತ್ತಿದ್ದರು, ನಾನು ಇಳಿಸಲಿಲ್ಲ. ಆಗ ಅಪ್ಪ ಕೈಮುಗಿದು, "ನನ್ ಮಗನ್ನ ಅಲ್ಲಿಂದ ಇಳ್ಸಿ ಸ್ವಾಮಿ. ಚೀಲದಾಗೆ ಏನೈತೆ ಅಂತ ನಂಗೆ ಗೊತ್ತಿತ್ತು" ಅಂದುಬಿಟ್ಟರು. ವಕೀಲರು ಮತ್ತೆ ಮತ್ತೆ ಕೇಳಿದರೂ ಅದೇ ಮಾತು.

ಆರು ತಿಂಗಳು ಹಾಕಿದ್ದಾರೆ. ಅಪ್ಪನಿಗೆ ಹೊರಗೇ ಸ್ನಾನ ಮಾಡಿಸಿ ಒಳಗೆ ಕರೆದುಕೊಳ್ಳಬೇಕು ಅಂತ ಅಮ್ಮ ಬೆಳಿಗ್ಗೆಯೇ ಹಂಡೆ ತುಂಬಿದ್ದಾಳೆ. ಸ್ಟೇಷನ್ನಿನಲ್ಲಿ ಕೂತಿದ್ದೇನೆ, ಉರಿಗಾಂಗೆ ಹೋಗುವ ರೈಲು ಒಂದು ಹೋಯಿತು. ನಾನು ಹತ್ತಲಿಲ್ಲ.